ಪ್ರಶ್ನೆ ಕೇಳಿದ ಯುವರಾಜ

ಶಾಲೆಯಲ್ಲಿ ಮೊಗಲರ ಚರಿತ್ರೆಯನ್ನು ಓದಿದವರಿಗೆ ದಾರಾ ಶುಕೋ ಎಂಬುದು ಸೋತವನೊಬ್ಬನ ಹೆಸರು. ಷಹಜಹಾನನ ಹಿರಿಯ ಮಗ. ತಮ್ಮ ಔರಂಗಜೇಬನೊಡನೆ ಕಾದಾಡಿ ಸೋತು ಪ್ರಾಣ ತೆತ್ತವನು. ಉಪನಿಷತ್ತುಗಳನ್ನು ಪಾರಸಿಗೆ ತಂದನೆಂದು ಇನ್ನೊಂದು ವಾಕ್ಯವನ್ನು ಸೇರಿಸಿದರೆ ಪಠ್ಯಪುಸ್ತಕದ ಕೆಲಸ ಮುಗಿಯಿತು. ನನಗೆ ಅವನಲ್ಲಿ ಆಸಕ್ತಿ ಹುಟ್ಟಿದುದು ಬೇರೊಂದು ಕಾರಣದಿಂದ. ಗುರುಮುಖದಿಂದಲ್ಲದೆ ತಿಳಿಯಲಾಗದೆಂದು ಬಲ್ಲವರು ಹೇಳುವ ಗುಹ್ಯವಿದ್ಯೆಯನ್ನು ಬರವಣಿಗೆಗೆ ತರುವ ಬಗೆ ಯಾವುದು? ಈ ಪ್ರಶ್ನೆಯ ಸುತ್ತ ಅವನು ಹದಿನೇಳು ವರ್ಷ ಗ್ರಂಥಗಳನ್ನು ರಚಿಸಿದನು. ಅವನು ಹಿಡಿದ ದಾರಿಗಳಲ್ಲಿ ಯಾವುದು ಫಲಿಸಿತು, ಯಾವುದು ಅವನಿಗೇ ಮುಳುವಾಯಿತು ಎಂಬುದರಲ್ಲಿ ಅವನ ಜೀವನದ ಮರ್ಮವಿದೆಯೆಂದು ನನ್ನ ಭಾವನೆ.

ಅವನು ಹುಟ್ಟಿದುದು 1615ರ ಮಾರ್ಚಿಯಲ್ಲಿ, ಅಜ್ಮೀರದಲ್ಲಿ. ಗಂಡುಮಗುವಿಗಾಗಿ ತಂದೆಯು ಖ್ವಾಜಾ ಮೊಯಿನುದ್ದೀನ್ ಚಿಸ್ತಿಯ ದರ್ಗಾದಲ್ಲಿ ಹರಸಿಕೊಂಡಿದ್ದನು. ದಾರಾ ತಾರುಣ್ಯದಲ್ಲಿ ಕಾಯಿಲೆ ಬಿದ್ದಾಗ ಷಹಜಹಾನನು ಅವನನ್ನು ಲಾಹೋರಿನ ಸಂತ ಮಿಯಾನ್ ಮೀರರ ಬಳಿಗೆ ಕರೆದೊಯ್ದನು. ಆ ದರ್ಶನದ ಗುರುತು ಕೊನೆಯವರೆಗೂ ಅಳಿಯಲಿಲ್ಲ. ಮಿಯಾನ್ ಮೀರರು 1635ರಲ್ಲಿ ತೀರಿಕೊಂಡ ಮೇಲೆ ಅವರ ಶಿಷ್ಯ ಮುಲ್ಲಾ ಶಾಹರಿಂದ ದಾರಾನೂ ಅವನ ಅಕ್ಕ ಜಹನಾರಾಳೂ ದೀಕ್ಷೆ ಪಡೆದರು. 1640ರಲ್ಲಿ ಅವನು ಸೂಫಿ ಸಂತರ ಚರಿತ್ರೆಯನ್ನು ಬರೆದನು. ಅನಂತರ ತನ್ನ ಗುರುಪರಂಪರೆಯ ಕಥೆಯನ್ನೂ ಸಾಧನಕ್ರಮವನ್ನು ತಿಳಿಸುವ ಕಿರುಹೊತ್ತಗೆಯೊಂದನ್ನೂ ಬರೆದನು. ಇವು ಶ್ರದ್ಧಾವಂತನಾದ ಶಿಷ್ಯನ ಬರಹಗಳು, ಹೆಚ್ಚೇನೂ ಹೇಳಬೇಕಾಗಿಲ್ಲ.

1653ರಲ್ಲಿ ಅವನು ಕಂದಹಾರದ ಮುತ್ತಿಗೆಗೆ ಹೋಗಿ, ಕೋಟೆಯನ್ನು ಗೆಲ್ಲಲಾರದೆ ಹಿಂತಿರುಗಿದನು. ಹೀಗೆ ಮುಖಭಂಗಪಟ್ಟು ಬಂದವನು ಲಾಹೋರಿನಲ್ಲಿ ಮಾಡಿದುದೇನು? ಬಾಬಾ ಲಾಲ್ ಎಂಬ ಬೈರಾಗಿಯನ್ನು ಕಂಡು, ಏಳು ಬೈಠಕ್ಕುಗಳಲ್ಲಿ ಅವನೊಡನೆ ಮಾತಾಡಿದನು. ಯುವರಾಜನು ಕೇಳುವನು, ಬೈರಾಗಿ ಹೇಳುವನು. ಈ ಸಂವಾದದ ಪಾರಸಿ ರೂಪದೊಡನೆ ಚಂದ್ರಭಾನ್ ಬ್ರಾಹ್ಮಣನೆಂಬ ಆಸ್ಥಾನ ಲೇಖಕನ ಹೆಸರು ಸೇರಿಕೊಂಡಿದೆ. ನಾದಕ್ಕೂ ವೇದಕ್ಕೂ ಏನು ಭೇದವೆಂದು ದಾರಾ ಕೇಳಿದರೆ, ಅರಸನಿಗೂ ಅರಸನ ಆಜ್ಞೆಗೂ ಇರುವಷ್ಟೇ ಭೇದವೆಂದು ಬಾಬಾ ಲಾಲನು ತಿಳಿಸುತ್ತಾನೆ. ಅರಸುಮಗನಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಯಾವುದಿದ್ದೀತು! ವಿಗ್ರಹಪೂಜೆಯನ್ನು ಕುರಿತು ಕೇಳಿದಾಗ ಬಂದ ಸಮಾಧಾನ ಇನ್ನೂ ಸೊಗಸಾದುದು: ಹೆಣ್ಣುಮಕ್ಕಳು ಮದುವೆಯಾಗಿ ಮನೆ ನಡೆಸುವವರೆಗೆ ಬೊಂಬೆಗಳೊಡನೆ ಆಡುತ್ತಾರೆ, ಆಮೇಲೆ ತಾವೇ ಬಿಡುತ್ತಾರೆ. ಉತ್ತರಗಳೆಲ್ಲ ಹೀಗೆಯೇ ಚಿಕ್ಕವು, ಮನೆಮಾತಿನವು. ವಾದವಿಲ್ಲ, ಗೆಲ್ಲುವ ಹಟವಿಲ್ಲ. ಲೇಖಕನಾಗಿ ದಾರಾನ ಹೆಚ್ಚಳವಿರುವುದು ಇಲ್ಲಿ ಎಂದು ನಾನು ಎಣಿಸುತ್ತೇನೆ. ಏಕೆಂದರೆ ಇಲ್ಲಿ ಅವನು ಲೇಖಕನೇ ಅಲ್ಲ, ಕೇಳುವವನು. ತಿಳಿಯದವನೊಬ್ಬನು ಎದುರಿಗೆ ಕುಳಿತಾಗಲೇ ತಿಳಿದವನ ಮಾತಿಗೆ ಇಂಥ ಹದ ಬರುತ್ತದೆ.

1655ರಲ್ಲಿ ಅವನು ‘ಮಜ್ಮಾ ಉಲ್ ಬಹರೈನ್’, ಎಂದರೆ ಎರಡು ಕಡಲುಗಳ ಸಂಗಮ, ಎಂಬ ಗ್ರಂಥವನ್ನು ಬರೆದನು. ಸೂಫಿಗಳ ಪರಿಭಾಷೆಯನ್ನೂ ಇಲ್ಲಿನ ವೇದಾಂತಿಗಳ, ಯೋಗಿಗಳ ಪರಿಭಾಷೆಯನ್ನೂ ಅಕ್ಕಪಕ್ಕದಲ್ಲಿಟ್ಟು, ಪಂಚಭೂತ, ಇಂದ್ರಿಯ, ಆತ್ಮ, ಮುಕ್ತಿ ಎಂದು ಒಂದೊಂದಾಗಿ ಸರಿಹೊಂದಿಸಿದನು. ಧೈರ್ಯದ ಪುಸ್ತಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಓದುವಾಗ ನನಗೆ ನಿಘಂಟನ್ನು ತಿರುವಿದಂತಾಗುತ್ತದೆ. ಅಲ್ಲಿ ಕೇಳುವವನೂ ಇಲ್ಲ, ಹೇಳುವವನೂ ಇಲ್ಲ. ಎರಡೂ ಒಂದೇ ಎಂಬ ತೀರ್ಪು ಮಾತ್ರವಿದೆ, ಅದೂ ದಾರಾನ ಸ್ವಂತ ದನಿಯಲ್ಲಿ.

ಮರುವರ್ಷ ಅವನು ಮತ್ತೆ ಕಥೆಯ ಕಡೆಗೆ ಹೊರಳಿದುದು ನನಗೆ ಅರ್ಥವತ್ತಾಗಿ ಕಾಣುತ್ತದೆ. ಯೋಗವಾಸಿಷ್ಠವು ಆ ಮೊದಲೇ ಪಾರಸಿಗೆ ಬಂದಿತ್ತು. ಅದು ಅವನಿಗೆ ಸಾಲಲಿಲ್ಲ. 1656ರಲ್ಲಿ ಹೊಸದಾಗಿ ಅನುವಾದ ಮಾಡಿಸಿದನು. ಅದರ ಮುನ್ನುಡಿಯಲ್ಲಿ ಒಂದು ಕನಸಿನ ಸಂಗತಿ ಬರುತ್ತದೆ. ವಸಿಷ್ಠನೂ ರಾಮನೂ ದಾರಾನಿಗೆ ಕಾಣಿಸಿಕೊಂಡರಂತೆ. ಸತ್ಯವನ್ನು ಅರಸುವುದರಲ್ಲಿ ಇವನು ನಿನ್ನ ಸಹೋದರನೆಂದು ವಸಿಷ್ಠನು ತೋರಿಸಲು ರಾಮನು ಅವನನ್ನು ಅಪ್ಪಿಕೊಂಡು ಸಿಹಿ ತಿನ್ನಿಸಿದನಂತೆ. ಗುರು ಹೇಳಿ ಶಿಷ್ಯ ಕೇಳಿದ ಕಥೆಯ ಒಳಕ್ಕೆ ಮೂರನೆಯವನಾಗಿ ತಾನೇ ಪ್ರವೇಶಿಸಿಬಿಟ್ಟನು! ಚೂಡಾಲೆಯು ಬ್ರಾಹ್ಮಣವಟುವಿನ ವೇಷದಲ್ಲಿ ತನ್ನ ಗಂಡನಿಗೇ ತತ್ತ್ವವನ್ನು ಬೋಧಿಸಿದ ಕಥೆಯನ್ನು ಬಲ್ಲ ನಮಗೆ ಅದು ತೀರ ವಿಚಿತ್ರವಾಗಿ ತೋರದು.

1657ರಲ್ಲಿ ಕಾಶಿಯ ಪಂಡಿತರನ್ನೂ ಸಂನ್ಯಾಸಿಗಳನ್ನೂ ದೆಹಲಿಗೆ ಕರೆಸಿಕೊಂಡು, ಆರೇ ತಿಂಗಳಲ್ಲಿ 50 ಉಪನಿಷತ್ತುಗಳನ್ನು ಪಾರಸಿಗೆ ತಂದನು. ಮಹಾರಹಸ್ಯವೆಂಬ ಅರ್ಥ ಬರುವಂತೆ ‘ಸಿರ್-ಎ-ಅಕ್ಬರ್’ ಎಂದು ಅದಕ್ಕೆ ಹೆಸರಿಟ್ಟನು. ಯಮನೊಡನೆ ನಚಿಕೇತನ, ಯಾಜ್ಞವಲ್ಕ್ಯನೊಡನೆ ಮೈತ್ರೇಯಿಯ ಮಾತುಕತೆಗಳು ಅವನನ್ನು ಸೆಳೆದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮುನ್ನುಡಿಯಲ್ಲಿ ಅವನು ಸುಮ್ಮನಿರಲಾರದೆ, ಕುರಾನಿನಲ್ಲಿ ಸೂಚಿತವಾದ ಗುಪ್ತಗ್ರಂಥ ಇದೇ ಎಂದು ಸಾರಿದನು. ಆ ಕೆಲಸ ಮುಗಿದುದು ಜೂನ್ ಕೊನೆಯಲ್ಲಿ. ಅದೇ ಮಾರ್ಚಿಯಲ್ಲಿ ಔರಂಗಜೇಬನು ನಮ್ಮ ಬೀದರನ್ನು ಗೆದ್ದಿದ್ದನು. ಅಣ್ಣನು ಉಪನಿಷತ್ತುಗಳ ಕೊನೆಯ ಹಾಳೆಗಳನ್ನು ತಿದ್ದುತ್ತಿದ್ದಾಗ ತಮ್ಮನ ಫಿರಂಗಿಗಳು ಕಲ್ಯಾಣದ ಕೋಟೆಯ ಮುಂದಿದ್ದುವು. ಶೂನ್ಯಸಂಪಾದನೆಯ ಶರಣರು ಮಾತಿಗೆ ಮಾತು ಕೊಟ್ಟು ಅನುಭಾವವನ್ನು ಒರೆಹಚ್ಚಿದ ಕಲ್ಯಾಣವೇ ಅದು.

ಸೆಪ್ಟೆಂಬರಿನಲ್ಲಿ ಷಹಜಹಾನನು ಕಾಯಿಲೆ ಬಿದ್ದನು. ಸಹೋದರರ ಯುದ್ಧ ಮೊದಲಾಯಿತು. ಬೈರಾಗಿಯ ಮುಂದೆ ಅಷ್ಟು ವಿನಯದಿಂದ ಕುಳಿತಿದ್ದವನಿಗೆ ರಾಜಕಾರ್ಯದಲ್ಲಿ ಯಾರನ್ನೂ ಕೇಳುವ ಅಭ್ಯಾಸವಿರಲಿಲ್ಲ. ಸರದಾರರನ್ನು ಹಗುರವಾಗಿ ಕಂಡನು. ಮಗ ಸುಲೇಮಾನನ ಸೈನ್ಯ ಬರುವವರೆಗೆ ತಾಳೆಂದು ತಂದೆ ಹೇಳಿದುದನ್ನೂ ಕೇಳದೆ 1658ರ ಮೇ ತಿಂಗಳಲ್ಲಿ ಸಾಮೂಗಢದಲ್ಲಿ ಯುದ್ಧಕ್ಕಿಳಿದನು. ನಡುವೆ ಆನೆಯಿಂದಿಳಿದು ಕುದುರೆಯೇರಿದಾಗ, ಬರಿದಾದ ಅಂಬಾರಿಯನ್ನು ಕಂಡ ಸೈನ್ಯ ಚದರಿತು. ಮುಂದಿನದೆಲ್ಲ ಅಲೆದಾಟ. ದಾರಿಯಲ್ಲಿ ಹೆಂಡತಿ ನಾದಿರಾ ತೀರಿಕೊಂಡಳು. ಅವಳ ದೇಹವನ್ನು ಲಾಹೋರಿಗೆ, ಮಿಯಾನ್ ಮೀರರ ಸಮಾಧಿಯ ಬಳಿಗೆ ಕಳುಹಿಸಿದನು. ಆಶ್ರಯವಿತ್ತ ಮಲಿಕ್ ಜೀವನನೇ ಅವನನ್ನು ಹಿಡಿದುಕೊಟ್ಟನು.

ದೆಹಲಿಯ ಬೀದಿಗಳಲ್ಲಿ ಕೊಳಕು ಆನೆಯ ಮೇಲೆ ಅವನನ್ನು ಮೆರೆಯಿಸಿದರು. ಜನ ಅತ್ತುದನ್ನು ಫ್ರೆಂಚ್ ವೈದ್ಯ ಬರ್ನಿಯೆ ಕಣ್ಣಾರೆ ಕಂಡನು. 1659ರ ಆಗಸ್ಟ್ ಕೊನೆಯಲ್ಲಿ ಅವನ ಕೊಲೆಯಾಯಿತು. ಕಾರಣ ಸಿಂಹಾಸನ, ಅದಕ್ಕೆ ಹೊದಿಸಿದ್ದು ಧರ್ಮ. ಔರಂಗಜೇಬನ ಆಸ್ಥಾನ ಚರಿತ್ರೆ ಅವನ ಅಪರಾಧಗಳನ್ನು ಎಣಿಸುತ್ತದೆ: ಯೋಗಿ-ಬ್ರಾಹ್ಮಣರ ಸಹವಾಸ, ವೇದವನ್ನು ದೈವದತ್ತ ಗ್ರಂಥವೆಂದದ್ದು, ಉಂಗುರದ ಮೇಲೆ ನಾಗರಿಯಲ್ಲಿ ಪ್ರಭು ಎಂದು ಕೆತ್ತಿಸಿದ್ದು. ಬಾಬಾ ಲಾಲನ ಬೊಂಬೆಯ ಹೋಲಿಕೆಯಿಂದ ಯಾರನ್ನೂ ಗಲ್ಲಿಗೇರಿಸಲಾಗದು. ತನ್ನ ದನಿಯಲ್ಲಿ ಕೊಟ್ಟ ತೀರ್ಪು ಹಾಗಲ್ಲ.

ಅವನನ್ನು ಹುಮಾಯೂನನ ಗೋರಿಯ ಆವರಣದಲ್ಲಿ ಹೂಳಿದರು. ಅವನ ಉಪನಿಷತ್ತುಗಳು ಫ್ರೆಂಚ್ ಪಂಡಿತ ಆಂಕೆತಿಲ್ ದ್ಯುಪೆರೋನನ ಕೈಸೇರಿ, 1801-02ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಎರಡು ಸಂಪುಟಗಳಾಗಿ ಅಚ್ಚಾದುವು. ಜರ್ಮನಿಯ ತತ್ತ್ವಜ್ಞ ಶೋಪೆನ್‌ಹೌವರನು ಜೀವನವಿಡೀ ಬಿಡದೆ ಓದಿದುದು ಆ ಸಂಪುಟಗಳನ್ನೇ.