ಪ್ರವಾದಿ ಹೊಶೇಯ: ಮುರಿದ ಮನೆಯಿಂದ ಹೊಮ್ಮಿದ ದೈವಸಂದೇಶ

ನಮ್ಮ ದೇವಾಲಯಕ್ಕೆ ನೂರು ವರುಷ ತುಂಬಿದ ಈ ಶುಭ ಸಂದರ್ಭದಲ್ಲಿ, ಕಲ್ಲು ಹೊತ್ತು ಗೋಡೆ ಎಬ್ಬಿಸಿದ ಹಿರಿಯರನ್ನೂ, ಕಾಡುದಾರಿಯಲ್ಲಿ ನಡೆದು ಬಂದು ಸಂಸ್ಕಾರಗಳನ್ನು ನೀಡಿದ ಗುರುಗಳನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅದು ನಮ್ಮ ಕರ್ತವ್ಯ. ಆದರೆ ಶತಮಾನೋತ್ಸವವು ಸ್ಮರಣೆಯ ಕಾಲವಾಗಿರುವಂತೆಯೇ ಆತ್ಮಶೋಧನೆಯ ಕಾಲವೂ ಆಗಿದೆ. ದೇವರು ನಮಗೆ ನಿಷ್ಠರಾಗಿ ಉಳಿದ ಈ ನೂರು ವರುಷಗಳಲ್ಲಿ ನಾವು ದೇವರಿಗೆ ಎಷ್ಟು ನಿಷ್ಠರಾಗಿ ಉಳಿದೆವು? ಈ ಪ್ರಶ್ನೆಯನ್ನು ತನ್ನ ಸ್ವಂತ ಮನೆಯ ನೋವಿನೊಳಗಿಂದ ಕೇಳಿದ ಮಹಾಪುರುಷನು ಪ್ರವಾದಿ ಹೊಶೇಯ. ಆತನ ಬಾಳಿನ ಕಥೆಯನ್ನು ವಾಚಕ ಬಾಂಧವರ ಮುಂದಿಡುವುದು ನಮ್ಮ ಉದ್ದೇಶ.

ನಾಡು ಮತ್ತು ಕಾಲ

ಅರಸ ಸೊಲೊಮೋನನ ಮರಣಾನಂತರ, ಸುಮಾರು ಕ್ರಿ.ಪೂ. 930ರಲ್ಲಿ, ಇಸ್ರಯೇಲರ ರಾಜ್ಯವು ಇಬ್ಭಾಗವಾಯಿತು. ದಕ್ಷಿಣದಲ್ಲಿ ಜೆರುಸಲೇಮನ್ನು ರಾಜಧಾನಿಯಾಗುಳ್ಳ ಜುದೇಯ. ಉತ್ತರದಲ್ಲಿ ಮುಂದೆ ಸಮಾರಿಯವನ್ನು ರಾಜಧಾನಿಯಾಗಿ ಮಾಡಿಕೊಂಡ ಇಸ್ರಯೇಲ್. ಬೇರಿ ಎಂಬಾತನ ಮಗನಾದ ಹೊಶೇಯನು ಈ ಉತ್ತರ ರಾಜ್ಯದಲ್ಲಿ ಪ್ರವಾದಿಯಾದನು. ಆತನ ಹೆಸರಿನ ಅರ್ಥ ರಕ್ಷಣೆ. ಯೇಸು ಎಂಬ ಪವಿತ್ರ ನಾಮವೂ ಅದೇ ಹೀಬ್ರೂ ಧಾತುವಿನಿಂದ ಬಂದುದು. ಆತನಿಗಿಂತ ತುಸು ಮೊದಲು ಬಂದ ಆಮೋಸನು ದಕ್ಷಿಣದ ತೆಕೋವದವನು. ಗಡಿ ದಾಟಿ ಬಂದು ಉತ್ತರದವರನ್ನು ಎಚ್ಚರಿಸಿದವನು. ಹೊಶೇಯನಾದರೋ ಆ ಮಣ್ಣಿನ ಮಗ. ಆದುದರಿಂದಲೇ ಆತನ ಮಾತಿನಲ್ಲಿ ಬೈಗುಳಕ್ಕಿಂತ ಕಣ್ಣೀರು ಹೆಚ್ಚು.

ಆತನು ಸೇವೆಯನ್ನು ಆರಂಭಿಸಿದುದು ಎರಡನೆಯ ಯಾರೊಬ್ಬಾಮನ ಆಳ್ವಿಕೆಯ ಕೊನೆಯಲ್ಲಿ. ಸುಮಾರು ಕ್ರಿ.ಪೂ. 786ರಿಂದ 746ರವರೆಗೆ ಆಳಿದ ಈ ಅರಸನ ಕಾಲದಲ್ಲಿ ನಾಡಿನ ಗಡಿಗಳು ವಿಸ್ತರಿಸಿದವು, ವ್ಯಾಪಾರ ಬೆಳೆಯಿತು, ಸಿರಿವಂತರ ಮನೆಗಳಲ್ಲಿ ದಂತದ ಕೆತ್ತನೆಗಳು ಮೆರೆದವು. ಬೇತೇಲಿನ ದೇವಸ್ಥಾನದಲ್ಲಿ ಬಲಿಗಳಿಗೆ ಕೊರತೆಯಿರಲಿಲ್ಲ, ಹಬ್ಬಗಳಿಗೆ ಜನರ ಕೊರತೆಯಿರಲಿಲ್ಲ. ಹೊರನೋಟಕ್ಕೆ ಅದೊಂದು ಭಕ್ತಿಯ ನಾಡು.

ಯಾರೊಬ್ಬಾಮನು ಸತ್ತ ಮೇಲೆ ಆ ವೈಭವ ಕುಸಿಯಿತು. ಆತನ ಮಗ ಜೆಕರ್ಯನು ಆರು ತಿಂಗಳಲ್ಲಿ ಕೊಲೆಯಾದನು. ಕೊಂದ ಶಲ್ಲೂಮನು ಒಂದೇ ತಿಂಗಳು ಆಳಿ ಮೆನಹೇಮನ ಕತ್ತಿಗೆ ಬಲಿಯಾದನು. ಮೆನಹೇಮನು ಅಸ್ಸೀರಿಯದ ಚಕ್ರವರ್ತಿಗೆ ಸಾವಿರ ತಲಾಂತು ಬೆಳ್ಳಿಯನ್ನು ಕಪ್ಪವಾಗಿ ಕೊಡಲು, ಪ್ರತಿಯೊಬ್ಬ ಧನಿಕನಿಂದ 50 ಶೆಕೆಲ್ ವಸೂಲು ಮಾಡಿದನು. ಆತನ ಮಗ ಪೆಕಹ್ಯನೂ, ಅವನನ್ನು ಕೊಂದ ಪೆಕಹನೂ ಸಂಚಿಗೆ ಗುರಿಯಾಗಿಯೇ ಸತ್ತರು. ಇಪ್ಪತ್ತೈದು ವರುಷಗಳಷ್ಟರ ಅವಧಿಯಲ್ಲಿ ನಾಲ್ವರು ಅರಸರ ಕೊಲೆ! ಒಮ್ಮೆ ಅಸ್ಸೀರಿಯದ ಕಡೆಗೂ ಮತ್ತೊಮ್ಮೆ ಈಜಿಪ್ಟಿನ ಕಡೆಗೂ ಹಾರಾಡುತ್ತಿದ್ದ ತನ್ನ ನಾಡನ್ನು ಹೊಶೇಯನು ಬುದ್ಧಿಗೆಟ್ಟ ಪಾರಿವಾಳಕ್ಕೆ ಹೋಲಿಸಿದನು. ತಿರುವಿ ಹಾಕದೆ ಒಂದು ಬದಿ ಸೀದು ಇನ್ನೊಂದು ಬದಿ ಹಸಿಯಾಗಿ ಉಳಿದ ರೊಟ್ಟಿಗೆ ಹೋಲಿಸಿದನು. ಒಲೆಯ ಮುಂದೆ ಕುಳಿತು ರೊಟ್ಟಿ ಸುಡುವ ನಮ್ಮ ತಾಯಂದಿರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ದುಃಖದ ದಾಂಪತ್ಯ

ಇಂತಹ ಕಾಲದಲ್ಲಿ ಹೊಶೇಯನಿಗೆ ಬಂದ ದೈವಾಜ್ಞೆ ಕೇಳಿದವರನ್ನು ಬೆಚ್ಚಿಬೀಳಿಸುವಂತಹದು. ನಿಷ್ಠೆಯಿಲ್ಲದ ಸ್ತ್ರೀಯೊಬ್ಬಳನ್ನು ಆತನು ಮದುವೆಯಾಗಬೇಕಿತ್ತು. ಆತನು ದಿಬ್ಲಯಿಮನ ಮಗಳಾದ ಗೋಮೆರಳನ್ನು ಕೈಹಿಡಿದನು. ಅವಳು ಮೂವರು ಮಕ್ಕಳನ್ನು ಹೆತ್ತಳು. ಮೊದಲ ಮಗನಿಗೆ ಇಜ್ರೇಲ್ ಎಂಬ ಹೆಸರು. ಅದು ಆಳುವ ವಂಶದ ಮೂಲಪುರುಷ ಯೇಹುವು ರಕ್ತದ ಕೋಡಿ ಹರಿಸಿದ ಸ್ಥಳದ ಹೆಸರು. ಮಗಳಿಗೆ ಇಟ್ಟ ಲೋರುಹಾಮ ಎಂಬ ಹೆಸರಿನ ಅರ್ಥ ಕರುಣೆ ಕಾಣದವಳು. ಕೊನೆಯ ಮಗನಿಗೆ ಇಟ್ಟ ಲೋಅಮ್ಮಿ ಎಂಬುದರ ಅರ್ಥ ನನ್ನ ಜನವಲ್ಲ. ಬೀದಿಯಲ್ಲಿ ಮಕ್ಕಳನ್ನು ಹೆಸರು ಹಿಡಿದು ಕೂಗಿದಾಗಲೆಲ್ಲ ನೆರೆಹೊರೆಯವರ ಕಿವಿಗೆ ದೇವರ ಎಚ್ಚರಿಕೆ ಬೀಳುತ್ತಿತ್ತು. ಪ್ರವಾದಿಯ ಮನೆಯೇ ಆತನ ಪ್ರಬೋಧನೆಯಾಯಿತು.

ಗೋಮೆರಳು ಮನೆ ಬಿಟ್ಟು ಪರರ ಪಾಲಾದಳು ಎಂದೇ ಧರ್ಮಸಭೆಯ ಪರಂಪರೆಯು ಬಹುಮಟ್ಟಿಗೆ ಈ ಕಥೆಯನ್ನು ಓದಿಕೊಂಡು ಬಂದಿದೆ. ಹೆಂಡತಿಯ ದ್ರೋಹವನ್ನುಂಡ ಗಂಡನಿಗೆ ಒಂದು ಸತ್ಯ ಹೊಳೆಯಿತು: ತನ್ನ ಎದೆಯಲ್ಲಿ ಉರಿಯುತ್ತಿರುವ ಈ ನೋವೇ ದೇವರ ಹೃದಯದ ನೋವು. ಸೀನಾಯಿ ಬೆಟ್ಟದಲ್ಲಿ ಮೋಶೆಯ ಮೂಲಕ ಆದ ಒಡಂಬಡಿಕೆಯನ್ನು ಜನರು ಬಹುಶಃ ಅರಸನಿಗೂ ಪ್ರಜೆಗೂ ನಡುವಿನ ಕರಾರು ಎಂದು ತಿಳಿದಿದ್ದರು. ಹೊಶೇಯನು ಅದನ್ನು ಮದುವೆಯೆಂದು ಕಂಡನು. ಕರಾರು ಮುರಿದರೆ ದಂಡ ತೆರಬಹುದು. ಮದುವೆ ಮುರಿದರೆ ಒಂದು ಹೃದಯವೇ ಮುರಿಯುತ್ತದೆ.

ದ್ರೋಹವೆಂದರೆ ಏನು?

ಆ ಜನರು ತಮ್ಮ ದೇವರನ್ನು ಬಹಿರಂಗವಾಗಿ ತ್ಯಜಿಸಿದ್ದರೇ? ಇಲ್ಲ. ಹಬ್ಬಗಳು ನಡೆಯುತ್ತಿದ್ದವು, ಬಲಿಗಳು ಏರುತ್ತಿದ್ದವು, ದೇವರ ನಾಮವು ನಾಲಿಗೆಯ ಮೇಲಿತ್ತು. ಆದರೆ ಮಳೆಗಾಗಿ, ಬೆಳೆಗಾಗಿ, ದ್ರಾಕ್ಷಾರಸಕ್ಕಾಗಿ, ಎಣ್ಣೆಗಾಗಿ ಅವರು ಕಾನಾನ್ ದೇಶದ ಮಳೆದೇವತೆಯಾದ ಬಾಳನ ಮೊರೆಹೊಕ್ಕರು. ಸಿರಿಯ ದೇಶದ ರಾಸ್ ಶಮ್ರಾದಲ್ಲಿ 1929ರಿಂದ ನಡೆದ ಉತ್ಖನನಗಳಲ್ಲಿ ದೊರೆತ ಮಣ್ಣಿನ ಹಲಗೆಗಳು ಈ ಬಾಳನನ್ನು ಮೋಡಗಳನ್ನೇರಿ ಬರುವ ಸಿಡಿಲಿನ ಒಡೆಯನೆಂದು ವರ್ಣಿಸುತ್ತವೆ. ಸಮಾರಿಯದಲ್ಲಿ 1910ರಲ್ಲಿ ದೊರೆತ ಮಡಕೆಯ ಚೂರುಗಳ ಮೇಲೆ ಎಣ್ಣೆ ಮತ್ತು ದ್ರಾಕ್ಷಾರಸದ ಲೆಕ್ಕಗಳಿವೆ. ಅವುಗಳಲ್ಲಿ ಇಸ್ರಯೇಲರ ದೇವರ ನಾಮವನ್ನು ಸೇರಿಸಿ ಇಟ್ಟ ಹೆಸರುಗಳೂ ಬಾಳನ ನಾಮವನ್ನು ಸೇರಿಸಿ ಇಟ್ಟ ಹೆಸರುಗಳೂ ಒಟ್ಟೊಟ್ಟಿಗೆ ಕಾಣಸಿಗುತ್ತವೆ. ಒಂದೇ ನಾಡಿನಲ್ಲಿ ಎರಡು ನಿಷ್ಠೆಗಳು. ಹೊಶೇಯನು ಕಂಡುದು ಈ ಸೀಳಿದ ಹೃದಯವನ್ನೇ.

ಮುಂಗಾರಿನತ್ತ ಕಣ್ಣಿಟ್ಟು ಬತ್ತ ಬಿತ್ತುವ ಹಳಿಯಾಳ, ಮುಂಡಗೋಡದ ರೈತರಿಗೆ ಆ ಜನರ ಭಯ ಅರ್ಥವಾಗುತ್ತದೆ. ಮಳೆ ತಪ್ಪಿದರೆ ಮನೆಯೇ ತಪ್ಪುತ್ತದೆ. ಆ ಭಯದಲ್ಲಿ ಅವರು, ಧಾನ್ಯವನ್ನೂ ಎಣ್ಣೆಯನ್ನೂ ಕೊಟ್ಟ ಗಂಡನನ್ನು ಮರೆತು ಆ ಕಾಣಿಕೆಗಳಿಗಾಗಿ ಪರರಿಗೆ ಕೃತಜ್ಞಳಾದ ಹೆಂಡತಿಯಂತೆ ನಡೆದುಕೊಂಡರು. ಇದೇ ಹೊಶೇಯನ ದೂರು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಪ್ರವಾದಿಯು ಬೆರಳು ತೋರಿದುದು ಒಡಂಬಡಿಕೆಗೆ ಸೇರಿದ ತನ್ನ ಜನರತ್ತ. ಈ ಗ್ರಂಥವನ್ನು ಹಿಡಿದು ನೆರೆಹೊರೆಯ ಅನ್ಯಧರ್ಮೀಯರನ್ನು ಹೀಗಳೆಯುವುದು ಸಲ್ಲದು. ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿದೆ. ಎರಡನೆಯದಾಗಿ, ದ್ರೋಹಿ ಹೆಂಡತಿಯ ಈ ರೂಪಕವು ಸ್ತ್ರೀಯರನ್ನು ಹಳಿಯಲು ಅಸ್ತ್ರವಾಗಬಾರದು. ಗಂಡಸರೇ ವೇಶ್ಯೆಯರ ಸಂಗ ಮಾಡುತ್ತಿರುವಾಗ ಹೆಣ್ಣುಮಕ್ಕಳನ್ನು ಮಾತ್ರ ದಂಡಿಸಲಾಗದೆಂದು ಹೊಶೇಯನ ಗ್ರಂಥದ ನಾಲ್ಕನೆಯ ಅಧ್ಯಾಯವು ಸ್ಪಷ್ಟವಾಗಿ ಹೇಳುತ್ತದೆ. ದ್ರೋಹಿ ಹೆಂಡತಿಯೆಂದು ಆತನು ಕರೆದುದು ಅರಸರನ್ನೂ ಯಾಜಕರನ್ನೂ ಒಳಗೊಂಡ ಇಡೀ ಜನಾಂಗವನ್ನು.

ಯಾಜಕರ ಮೇಲಂತೂ ಆತನ ಕೋಪ ಉಗ್ರವಾಗಿತ್ತು. ಜನರ ಪಾಪ ಹೆಚ್ಚಿದಷ್ಟೂ ಬಲಿಗಳು ಹೆಚ್ಚಿ, ತಮ್ಮ ಪಾಲು ಕೊಬ್ಬುವುದೆಂದು ಅವರು ಹಿಗ್ಗುತ್ತಿದ್ದರು. ದೈವಜ್ಞಾನವನ್ನು ಕಲಿಸಬೇಕಾದವರು ಕಲಿಸಲಿಲ್ಲ. ಸುಳ್ಳಾಣೆ, ಕೊಲೆ, ಕಳವುಗಳಿಂದ ನೆಲವೇ ಗೋಳಿಟ್ಟಿತು. ಕಾಡುಮೃಗಗಳೂ, ಹಕ್ಕಿಗಳೂ, ಮೀನುಗಳೂ ಕ್ಷಯಿಸಿದವು. ದೇವರು ಬಯಸುವುದು ಬಲಿಗಿಂತ ಮಿಗಿಲಾಗಿ ಅಚಲ ಪ್ರೀತಿಯನ್ನು ಎಂಬ ಹೊಶೇಯನ ಬೋಧನೆಯನ್ನು ಪ್ರಭು ಯೇಸುಕ್ರಿಸ್ತರು ಎರಡು ಬಾರಿ ಎತ್ತಿಹಿಡಿದುದನ್ನು ಸಂತ ಮತ್ತಾಯನ ಶುಭಸಂದೇಶದಲ್ಲಿ ನಾವು ಓದುತ್ತೇವೆ. ದೇವರಿಗೆ ದ್ರೋಹವೂ ನೆರೆಯವನಿಗೆ ಅನ್ಯಾಯವೂ ಪ್ರವಾದಿಯ ಕಣ್ಣಿಗೆ ಒಂದೇ ಪಾಪದ ಎರಡು ಮುಖಗಳು.

ಬೆಲೆ ತೆತ್ತು ತಂದ ಪ್ರೀತಿ

ನಿಯಮಶಾಸ್ತ್ರದ ಪ್ರಕಾರ ಹೊಶೇಯನು ಹೆಂಡತಿಯನ್ನು ತ್ಯಜಿಸಬಹುದಿತ್ತು. ಅದಕ್ಕಿಂತ ಕಠೋರವಾದ ದಂಡನೆಗೂ ಅವಕಾಶವಿತ್ತು. ಆದರೆ ಮತ್ತೆ ಹೋಗಿ ಅವಳನ್ನು ಪ್ರೀತಿಸಬೇಕೆಂಬ ಅಪ್ಪಣೆ ಬಂದಿತು. ಆತನು 15 ಶೆಕೆಲ್ ಬೆಳ್ಳಿಯನ್ನೂ ಒಂದೂವರೆ ಹೋಮೆರ್ ಜವೆಗೋಧಿಯನ್ನೂ ಕೊಟ್ಟು ಅವಳನ್ನು ಬಿಡಿಸಿ ತಂದನು. ನಮ್ಮ ಲೆಕ್ಕದಲ್ಲಿ ಆ ಬೆಳ್ಳಿ ಸುಮಾರು 170 ಗ್ರಾಂ. ವಿಮೋಚನಕಾಂಡದಲ್ಲಿ ಒಬ್ಬ ಗುಲಾಮನ ಪ್ರಾಣಹಾನಿಗೆ ಗೊತ್ತುಮಾಡಿದ ಪರಿಹಾರ 30 ಶೆಕೆಲ್. ಹೊಶೇಯನ ಕೈಯಲ್ಲಿದ್ದ ಬೆಳ್ಳಿ ಅದರ ಅರ್ಧ. ಉಳಿದುದನ್ನು ಆತನು ಮನೆಯ ಕಣಜದಿಂದ ಅಳೆದುಕೊಟ್ಟನೆಂದು ಅನೇಕ ವ್ಯಾಖ್ಯಾನಕಾರರು ಅಭಿಪ್ರಾಯಪಡುತ್ತಾರೆ. ಕ್ಷಮೆಯು ಬರಿಯ ಮಾತಾಗಿ ಉಳಿಯಲಿಲ್ಲ. ಅದಕ್ಕೆ ಆತನು ಬೆಲೆ ತೆತ್ತನು.

ಮನುಷ್ಯರಿಗೆ ಬೆಲೆ ಕಟ್ಟುವ ಈ ಮಾತು ನಮ್ಮ ಸೀಮೆಯಲ್ಲಿ ಆಳವಾಗಿ ನಾಟಬೇಕು. ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಬಾಂಧವರ ಪೂರ್ವಜರು ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿದ್ದರು. ಅವರಿಗೆ ಬೆಲೆ ಕಟ್ಟಿದ ಪೋರ್ಚುಗೀಸ್ ಒಡೆಯರು ಜ್ಞಾನಸ್ನಾನ ಪಡೆದವರು, ಬಲಿಪೂಜೆಯಲ್ಲಿ ಭಾಗವಹಿಸುತ್ತಿದ್ದವರು. ಹೊಶೇಯನು ಖಂಡಿಸಿದ ದ್ರೋಹವು ಇಸ್ರಯೇಲಿನೊಂದಿಗೆ ಮುಗಿದುಹೋಗಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಇಂದು ಸಿದ್ದಿ ಕ್ರೈಸ್ತರೂ ಇತರ ಕ್ರೈಸ್ತರೂ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುತ್ತಾರೆ. ಆ ಪಂಕ್ತಿಯಲ್ಲಿ ಮೇಲುಕೀಳು ಉಳಿಯದಂತೆ ನೋಡಿಕೊಳ್ಳುವುದು ನಮ್ಮ ನಿಷ್ಠೆಯ ಪರೀಕ್ಷೆ.

ಅಂತ್ಯ ಮತ್ತು ಭರವಸೆ

ಹೊಶೇಯನ ಎಚ್ಚರಿಕೆಗೆ ಅರಸರು ಕಿವಿಗೊಡಲಿಲ್ಲ. ಪ್ರವಾದಿಯ ಹೆಸರನ್ನೇ ಹೊತ್ತಿದ್ದ ಕೊನೆಯ ಅರಸನ ಕಾಲದಲ್ಲಿ ಅಸ್ಸೀರಿಯದ ಸೈನ್ಯವು ಸಮಾರಿಯಕ್ಕೆ ಮುತ್ತಿಗೆ ಹಾಕಿತು. ಮೂರನೆಯ ವರುಷದಲ್ಲಿ, ಸುಮಾರು ಕ್ರಿ.ಪೂ. 722ರಲ್ಲಿ, ಪಟ್ಟಣವು ಬಿದ್ದಿತು. ಅಲ್ಲಿಂದ 27,290 ಜನರನ್ನು ಸೆರೆಯೊಯ್ದೆನೆಂದು ಅಸ್ಸೀರಿಯದ ಅರಸ ಸರ್ಗೋನನು ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ನೆಲ ಕಳೆದುಕೊಳ್ಳುವುದೆಂದರೇನೆಂದು ನಮ್ಮ ಸೀಮೆಗೆ ತಿಳಿದಿದೆ. ಕಾಳೀ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಸೂಪಾ ಊರು ಮುಳುಗಿ, ತಾಲೂಕಿನ ಕೇಂದ್ರವು ಜೋಯಿಡಾಕ್ಕೆ ಬಂದಿತು. 1966ರಿಂದ ಮುಂಡಗೋಡದಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಇವರ ಸಂಕಟವು ಇವರ ಪಾಪದ ಫಲವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮನೆಯ ಹೊಸ್ತಿಲನ್ನು ಕೊನೆಯ ಬಾರಿ ದಾಟುವವರ ದುಃಖವನ್ನು ಕಂಡ ನಾವು, ಹೊಶೇಯನು ಏಕೆ ಅತ್ತನೆಂಬುದನ್ನು ಬಲ್ಲೆವು.

ಆತನ 14 ಅಧ್ಯಾಯಗಳ ಗ್ರಂಥವು ಈ ದುಃಖದಲ್ಲಿ ಮುಗಿಯುವುದಿಲ್ಲ. ಹನ್ನೊಂದನೆಯ ಅಧ್ಯಾಯದಲ್ಲಿ ಗಂಡನ ರೂಪಕವು ಮರೆಯಾಗಿ ತಂದೆಯ ರೂಪಕ ಮೂಡುತ್ತದೆ. ಕೈಹಿಡಿದು ನಡೆಯಲು ಕಲಿಸಿದ ಮಗುವನ್ನು ಕೈಬಿಡಲಾರದೆ ಕರಗುವ ದೇವರ ಅಂತಃಕರಣವನ್ನು ಅಲ್ಲಿ ಕಾಣುತ್ತೇವೆ. ಮಕ್ಕಳ ಹೆಸರುಗಳೂ ಬದಲಾಗುತ್ತವೆ: ಕರುಣೆ ಕಾಣದವಳು ಕರುಣೆ ಕಾಣುತ್ತಾಳೆ, ದೇವರ ಜನವಲ್ಲದವರು ದೇವರ ಜನರಾಗುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರು ತಮ್ಮ ಜನರಿಗೆ ಇಬ್ಬನಿಯಾಗುತ್ತಾರೆ.

ಸುಮಾರು ನೂರು ವರುಷಗಳ ತರುವಾಯ ಯೆರೆಮೀಯನೂ, ಆತನ ಹಿಂದೆ ಯೆಜೆಕಿಯೇಲನೂ ಇದೇ ದಾಂಪತ್ಯದ ರೂಪಕವನ್ನು ಜುದೇಯದ ಜನರ ಮುಂದಿಟ್ಟರು. ಹೊಸ ಒಡಂಬಡಿಕೆಯಲ್ಲಿ ಕ್ರಿಸ್ತರು ವರ, ಧರ್ಮಸಭೆ ವಧು ಎಂದು ಸಂತ ಪೌಲನು ಬೋಧಿಸಿದನು. ಕಲ್ವಾರಿ ಬೆಟ್ಟದ ಮೇಲೆ ಆ ವರನು ತೆತ್ತ ಬೆಲೆ ಬೆಳ್ಳಿಯೂ ಅಲ್ಲ, ಜವೆಗೋಧಿಯೂ ಅಲ್ಲ, ಸ್ವಂತ ರಕ್ತ.

ತಪಸ್ಸುಕಾಲದ ಮೂರನೆಯ ವಾರದ ಶುಕ್ರವಾರ ಮತ್ತು ಶನಿವಾರದ ಬಲಿಪೂಜೆಗಳಲ್ಲಿ ಹೊಶೇಯನ ಗ್ರಂಥದ ವಾಚನವಾಗುತ್ತದೆ. ಇನ್ನು ಮುಂದೆ ಅದನ್ನು ಆಲಿಸುವಾಗ ನಮ್ಮ ಧರ್ಮಕೇಂದ್ರದ ನೂರು ವರುಷಗಳನ್ನು ನೆನೆಯೋಣ. ಪೀಠಗಳು ತುಂಬಿದ್ದರೂ ಹೃದಯ ಹಂಚಿಹೋಗಿದೆಯೇ ಎಂದು ಕೇಳಿಕೊಳ್ಳೋಣ. ಹಣವನ್ನೋ, ಕುಲವನ್ನೋ, ಪ್ರತಿಷ್ಠೆಯನ್ನೋ ನಮ್ಮ ಬಾಳ್ ದೇವತೆಯಾಗಿ ಮಾಡಿಕೊಂಡಿದ್ದರೆ ಪಾಪನಿವೇದನೆಯ ಬಾಗಿಲು ತೆರೆದಿದೆ. ಮನಸ್ತಾಪದಿಂದಲೋ, ಅಪಮಾನದಿಂದಲೋ ನಮ್ಮನ್ನು ತೊರೆದುಹೋದ ಕುಟುಂಬಗಳಿದ್ದರೆ, ಅವರು ಬರಲಿ ಎಂದು ಕಾಯುತ್ತ ಕುಳಿತುಕೊಳ್ಳದೆ ಹೊಶೇಯನಂತೆ ನಾವೇ ಎದ್ದು ಹೋಗೋಣ. ಅದಕ್ಕೆ ತೆರಬೇಕಾದ ಬೆಲೆ ನಮ್ಮ ಅಹಂಕಾರವಾಗಿದ್ದರೆ ಅದನ್ನು ತೆರೋಣ. ಹಾಗೆ ಒಂದು ಮನೆಯಾದರೂ ಮರಳಿ ಬಂದರೆ ಈ ಶತಮಾನೋತ್ಸವವು ಸಾರ್ಥಕವಾದೀತು.