ನೆಲವನ್ನು ಒಣಗಿಸಿ ರಸ್ತೆಯನ್ನು ಉಳಿಸಿದ ಜಾನ್ ಮೆಕಾಡಮ್

ಲೋಕೋಪಯೋಗಿ ಇಲಾಖೆಯ ರಸ್ತೆ ಕಾಮಗಾರಿಯ ಅಂದಾಜುಪಟ್ಟಿಯನ್ನು ಬಿಡಿಸಿ ನೋಡಿದವರಿಗೆ ಒಂದು ಪದ ಮತ್ತೆ ಮತ್ತೆ ಕಾಣಸಿಗುತ್ತದೆ. ವಾಟರ್ ಬೌಂಡ್ ಮೆಕಾಡಮ್, ವೆಟ್ ಮಿಕ್ಸ್ ಮೆಕಾಡಮ್, ಬಿಟುಮಿನಸ್ ಮೆಕಾಡಮ್. ಎಂಜಿನಿಯರುಗಳೂ ಗುತ್ತಿಗೆದಾರರೂ ದಿನನಿತ್ಯ ಬಳಸುವ ಈ ಪದ ಯಾವುದೋ ರಾಸಾಯನಿಕದ ಹೆಸರಲ್ಲ, ಯಂತ್ರದ ಹೆಸರೂ ಅಲ್ಲ. ಅದು ಸ್ಕಾಟ್ಲೆಂಡಿನ ಒಬ್ಬ ವ್ಯಕ್ತಿಯ ಹೆಸರು. ಎಂಜಿನಿಯರಿಂಗ್ ಶಿಕ್ಷಣವನ್ನೇ ಪಡೆಯದ ಜಾನ್ ಲೌಡನ್ ಮೆಕಾಡಮ್, ಅರುವತ್ತರ ಹೊಸ್ತಿಲಲ್ಲಿ ಒಂದು ದೇಶದ ರಸ್ತೆ ನೀತಿಯನ್ನೇ ಬದಲಿಸಿದ.

ಮೆಕಾಡಮ್ ಜನಿಸಿದ್ದು 1756ರ ಸೆಪ್ಟೆಂಬರ್ 21ರಂದು, ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ. ತಂದೆ ಜೇಮ್ಸ್ ಮೆಕಾಡಮ್ ಭೂಮಾಲೀಕ ಮನೆತನಕ್ಕೆ ಸೇರಿದವ. ಹತ್ತು ಮಕ್ಕಳ ತುಂಬು ಸಂಸಾರದಲ್ಲಿ ಜಾನ್ ಕಿರಿಯ. ಬಾಲ್ಯದಲ್ಲಿಯೇ ಕುಟುಂಬದ ಮನೆ ಬೆಂಕಿಗೆ ಆಹುತಿಯಾಯಿತು. ಕುಟುಂಬದ ಆರ್ಥಿಕ ಸ್ಥಿತಿಯೂ ಕುಸಿಯಿತು. 1770ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಇನ್ನೂ ಹದಿನಾಲ್ಕು. ನ್ಯೂಯಾರ್ಕಿನಲ್ಲಿ ವ್ಯಾಪಾರ ನಡೆಸುತ್ತಿದ್ದ ಚಿಕ್ಕಪ್ಪ ವಿಲಿಯಂ ಆಸರೆ ನೀಡಿದ. ಆ ಹಡಗು ಹತ್ತಿದ ಜಾನ್ ಅಟ್ಲಾಂಟಿಕ್ ದಾಟಿದ.

ನ್ಯೂಯಾರ್ಕಿನಲ್ಲಿ ಅವನ ಅದೃಷ್ಟ ಖುಲಾಯಿಸಿತು. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ, ಸೆರೆಹಿಡಿದ ಶತ್ರು ಹಡಗುಗಳನ್ನೂ ಅವುಗಳ ಸರಕನ್ನೂ ಮಾರಾಟ ಮಾಡಿಸುವ ಏಜೆಂಟನಾಗಿ ಆತ ಸಾಕಷ್ಟು ಹಣ ಗಳಿಸಿದ. 1778ರಲ್ಲಿ ಗ್ಲೋರಿಯಾನಾ ನಿಕೋಲ್ ಎಂಬಾಕೆಯನ್ನು ವರಿಸಿದ. ಆದರೆ ಮೆಕಾಡಮ್ ಇಂಗ್ಲೆಂಡಿನ ದೊರೆಗೆ ನಿಷ್ಠನಾಗಿದ್ದವ. ಬ್ರಿಟಿಷರು ಸೋತ ಮೇಲೆ ಹೊಸ ಗಣರಾಜ್ಯದಲ್ಲಿ ಅಂಥವರಿಗೆ ನೆಲೆಯಿರಲಿಲ್ಲ. ಆಸ್ತಿಯ ಬಹುಭಾಗವನ್ನು ಅಲ್ಲಿಯೇ ಬಿಟ್ಟು, ಉಳಿದುದನ್ನು ಕಟ್ಟಿಕೊಂಡು, 1783ರಲ್ಲಿ ಪತ್ನಿ ಮಕ್ಕಳೊಡನೆ ತಾಯ್ನಾಡಿಗೆ ಮರಳಿದ.

ಕೈಯಿಂದ ಹಣ, ಕಾಲಿನಡಿ ಕೆಸರು

ಏರ್ ಸಮೀಪದ ಸೌಕ್ರಿ ಎಂಬಲ್ಲಿ ಮೆಕಾಡಮ್ ಜಮೀನು ಖರೀದಿಸಿದ. ಜಮೀನುದಾರನೆಂಬ ಕಾರಣದಿಂದ ಆ ಭಾಗದ ರಸ್ತೆಗಳ ಟ್ರಸ್ಟಿಯೂ ಆದ. ಅವನ ಬದುಕಿನ ದಿಕ್ಕು ಬದಲಾದದ್ದು ಇಲ್ಲಿಂದ.

ಅಂದಿನ ಬ್ರಿಟನ್ನಿನ ರಸ್ತೆ ವ್ಯವಸ್ಥೆಯನ್ನು ಅರಿಯದೆ ಮೆಕಾಡಮನ ಸಾಧನೆಯನ್ನು ಅಳೆಯಲಾಗದು. ಸಾಮಾನ್ಯ ರಸ್ತೆಗಳನ್ನು ಆಯಾ ಊರಿನವರೇ ದುರಸ್ತಿ ಮಾಡಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ 1555ರಿಂದ ಜಾರಿಯಲ್ಲಿತ್ತು. ಜನ ವರ್ಷಕ್ಕೆ ಇಂತಿಷ್ಟು ದಿನ ಕೂಲಿಯಿಲ್ಲದೆ ರಸ್ತೆಯಲ್ಲಿ ದುಡಿಯಬೇಕಿತ್ತು. ಬಿಟ್ಟಿ ಚಾಕರಿಯ ಈ ಕೆಲಸ ಹೇಗಿರುತ್ತಿತ್ತೆಂಬುದನ್ನು ವಿವರಿಸಬೇಕಿಲ್ಲ. ಹೊಂಡಕ್ಕೆ ಒಂದಿಷ್ಟು ಮಣ್ಣು, ಮೇಲೊಂದಿಷ್ಟು ಕಲ್ಲು. ಮುಂದಿನ ಮಳೆಗೆ ಎಲ್ಲವೂ ಕೆಸರು.

ಮುಖ್ಯ ಹೆದ್ದಾರಿಗಳದು ಬೇರೆಯೇ ಕಥೆ. ಅವುಗಳನ್ನು ಟರ್ನ್‌ಪೈಕ್ ಟ್ರಸ್ಟ್‌ಗಳು ನಿರ್ವಹಿಸುತ್ತಿದ್ದವು. ಸಂಸತ್ತಿನ ಕಾಯಿದೆಯ ಮೂಲಕ ರಚನೆಯಾದ ಈ ಟ್ರಸ್ಟ್‌ಗಳು ಅಲ್ಲಲ್ಲಿ ಸುಂಕದ ಕಟ್ಟೆಗಳನ್ನು ನಿಲ್ಲಿಸಿ, ಬಂದ ಗಾಡಿಗಳಿಂದ ಹಣ ವಸೂಲು ಮಾಡುತ್ತಿದ್ದವು. ಕ್ರಮೇಣ ಇಂಥ ಟ್ರಸ್ಟ್‌ಗಳ ಸಂಖ್ಯೆ ಸಾವಿರ ಮೀರಿತು. ಸುಂಕವೇನೋ ತಪ್ಪದೆ ಸಂಗ್ರಹವಾಗುತ್ತಿತ್ತು. ಆದರೆ ಅನೇಕ ಟ್ರಸ್ಟ್‌ಗಳ ರಸ್ತೆ ಮೇಲ್ವಿಚಾರಕರಿಗೆ ರಸ್ತೆಯ ಬಗ್ಗೆ ತಿಳಿವಳಿಕೆಯೇ ಇರಲಿಲ್ಲ. ವೇತನ ಅತ್ಯಲ್ಪ, ಲೆಕ್ಕಪತ್ರ ಅಸ್ತವ್ಯಸ್ತ, ಸಾಲ ಮಾತ್ರ ವರ್ಷದಿಂದ ವರ್ಷಕ್ಕೆ ಏರುಮುಖ.

ಹಣ ಖರ್ಚಾಗುತ್ತಿದ್ದರೂ ರಸ್ತೆ ಏಕೆ ಸುಧಾರಿಸುವುದಿಲ್ಲ ಎಂಬ ಪ್ರಶ್ನೆ ಟ್ರಸ್ಟಿ ಮೆಕಾಡಮನನ್ನು ಕಾಡತೊಡಗಿತು. ಉತ್ತರ ಹುಡುಕಲು ಆತ ಸ್ವಂತ ಖರ್ಚಿನಲ್ಲಿ ಪ್ರಯೋಗಕ್ಕಿಳಿದ. ಈ ನಡುವೆ ಬಂಧು ಲಾರ್ಡ್ ಡಂಡೊನಾಲ್ಡನ ಜತೆ ಕಲ್ಲಿದ್ದಲಿನಿಂದ ಟಾರು ತೆಗೆಯುವ ಉದ್ಯಮಕ್ಕೂ ಕೈಹಾಕಿದ. ಅದರಿಂದ ನಿರೀಕ್ಷಿತ ಲಾಭ ದೊರೆಯಲಿಲ್ಲ. ಸೌಕ್ರಿಯ ಜಮೀನನ್ನೂ ಕೈಬಿಡಬೇಕಾಯಿತು. ವಿಪರ್ಯಾಸವೆಂದರೆ, ಟಾರು ವ್ಯಾಪಾರದಲ್ಲಿದ್ದ ಈ ಮನುಷ್ಯ ತನ್ನ ರಸ್ತೆಗಳಿಗೆ ಟಾರನ್ನು ಬಳಸಲೇ ಇಲ್ಲ. ಅವನ ರಸ್ತೆ ಬರಿಯ ಕಲ್ಲಿನದು.

1798ರಲ್ಲಿ ಮೆಕಾಡಮ್ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತೆರಳಿದ. ಮುಂದೆ ಬ್ರಿಸ್ಟಲ್‌ನಲ್ಲಿ ನೆಲೆಸಿದ. ಎಲ್ಲಿದ್ದರೂ ರಸ್ತೆಯ ಗೀಳು ಬಿಡಲಿಲ್ಲ. ಊರಿಂದೂರಿಗೆ ಸಂಚರಿಸಿ, ರಸ್ತೆಗಳನ್ನು ನೋಡಿ, ಅಗೆದು, ಟಿಪ್ಪಣಿ ಮಾಡಿಕೊಂಡ. 1814ರ ವೇಳೆಗೆ ಆತ ಹೀಗೆ ಕ್ರಮಿಸಿದ ದಾರಿ ಸುಮಾರು 30,000 ಮೈಲಿ ಎನ್ನಲಾಗಿದೆ. ಯಾವ ಸರ್ಕಾರವೂ ಅವನನ್ನು ಈ ಕೆಲಸಕ್ಕೆ ನೇಮಿಸಿರಲಿಲ್ಲ.

ಭಾರ ಹೊರುವುದು ನೆಲ

ಈ ಸುದೀರ್ಘ ಅಧ್ಯಯನದಿಂದ ಮೆಕಾಡಮ್ ತಲುಪಿದ ನಿರ್ಣಯ ತೀರಾ ಸರಳ. ಗಾಡಿಯ ಭಾರವನ್ನು ಹೊರುವುದು ರಸ್ತೆಗೆ ಹಾಸಿದ ಕಲ್ಲಲ್ಲ, ಅದರಡಿಯ ನೆಲ. ನೆಲ ಒಣಗಿರುವವರೆಗೆ ಎಂಥ ಭಾರವನ್ನಾದರೂ ತಾಳಿಕೊಳ್ಳುತ್ತದೆ. ನೀರು ಇಂಗಿ ನೆಲ ಮೆತ್ತಗಾದರೆ, ಮೇಲೆ ಎಷ್ಟೇ ಕಲ್ಲು ಸುರಿದರೂ ಅದು ಕೆಳಗೆ ಹೂತು ಹೋಗುತ್ತದೆ. ಆದ್ದರಿಂದ ಕಲ್ಲಿನ ಪದರದ ಮುಖ್ಯ ಕೆಲಸ ನೀರು ಕೆಳಗಿಳಿಯದಂತೆ ತಡೆಯುವುದು. ಒಂದು ಅರ್ಥದಲ್ಲಿ ರಸ್ತೆಯೆಂಬುದು ನೆಲಕ್ಕೆ ಹೊದಿಸಿದ ಸೂರು.

ಈ ತತ್ತ್ವದಿಂದ ಉಳಿದೆಲ್ಲ ನಿಯಮಗಳೂ ತಾವಾಗಿಯೇ ಹುಟ್ಟಿದವು. ರಸ್ತೆಯನ್ನು ಸುತ್ತಲ ನೆಲಕ್ಕಿಂತ ಎತ್ತರಿಸಬೇಕು. ಇಕ್ಕೆಲಗಳಲ್ಲಿ ಚರಂಡಿ ಬೇಕು. ಮಳೆನೀರು ಹರಿದುಹೋಗಲು ನಡುಭಾಗ ತುಸು ಉಬ್ಬಿರಬೇಕು; 30 ಅಡಿ ಅಗಲದ ರಸ್ತೆಗೆ ಮೂರು ಅಂಗುಲದ ಉಬ್ಬು ಸಾಕು. ಒಡೆದ ಕಲ್ಲಿನ ಪದರ ಒಟ್ಟು ಹತ್ತು ಅಂಗುಲ ದಪ್ಪವಿದ್ದರೆ ಸಾಕು. ಕಲ್ಲಿನ ಜತೆ ಮಣ್ಣಾಗಲಿ, ಜೇಡಿಯಾಗಲಿ ಸೇರಕೂಡದು, ಏಕೆಂದರೆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕಲ್ಲಿನ ಗಾತ್ರದ ಬಗ್ಗೆ ಮೆಕಾಡಮ್ ಹಟಮಾರಿ. ಯಾವ ಕಲ್ಲೂ ಆರು ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದು. ಮೇಲ್ವಿಚಾರಕರು ತಕ್ಕಡಿ ಹಿಡಿದು ತೂಗಿ ನೋಡುವ ವ್ಯವಸ್ಥೆ ಮಾಡಿದ. ಇದರ ಹಿಂದೆ ಲೆಕ್ಕಾಚಾರವಿತ್ತು. ಗಾಡಿಯ ಕಬ್ಬಿಣದ ಪಟ್ಟಿಯ ಅಗಲಕ್ಕಿಂತ ಕಲ್ಲು ಚಿಕ್ಕದಿದ್ದರೆ, ಚಕ್ರ ಹರಿದಷ್ಟೂ ಮೊನಚಾದ ಅಂಚುಗಳು ಒಂದರೊಳಗೊಂದು ಕಚ್ಚಿಕೊಂಡು ಪದರ ಗಟ್ಟಿಯಾಗುತ್ತದೆ. ಕಲ್ಲು ದೊಡ್ಡದಾದರೆ ಚಕ್ರ ಅದನ್ನು ಒಂದು ಬದಿಯಿಂದ ಒತ್ತಿ ಕಿತ್ತೆಸೆಯುತ್ತದೆ. ರೋಲರ್ ಯಂತ್ರಗಳಿಲ್ಲದ ಆ ಕಾಲದಲ್ಲಿ ಓಡಾಡುವ ಗಾಡಿಗಳೇ ರೋಲರ್‌ನ ಕೆಲಸ ಮಾಡಿದವು.

ಇದೇ ವಿಷಯದಲ್ಲಿ ಮೆಕಾಡಮನಿಗೂ, ಸಮಕಾಲೀನ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್‌ಗೂ ಭಿನ್ನಾಭಿಪ್ರಾಯವಿತ್ತು. ಟೆಲ್‌ಫರ್ಡ್ ಕೂಡ ಸ್ಕಾಟ್ಲೆಂಡಿನವನೇ, ಮೆಕಾಡಮನಿಗಿಂತ ಒಂದು ವರ್ಷ ಕಿರಿಯ. ತಳದಲ್ಲಿ ದೊಡ್ಡ ಕಲ್ಲುಗಳನ್ನು ಕೈಯಿಂದ ಜೋಡಿಸಿ ಭದ್ರ ಬುನಾದಿ ಹಾಕಬೇಕೆಂಬುದು ಅವನ ಪಟ್ಟು. ಅವನ ರಸ್ತೆಗಳು ಬಲಿಷ್ಠ, ಆದರೆ ದುಬಾರಿ. ಸಾಲದಲ್ಲಿ ಮುಳುಗಿದ ಟ್ರಸ್ಟ್‌ಗಳಿಗೆ ಮೆಕಾಡಮನ ವಿಧಾನವೇ ಕೈಗೆಟಕುವಂತಿತ್ತು. ಹೊಸ ಕಲ್ಲನ್ನು ತರಿಸುವ ಅಗತ್ಯವೇ ಎಷ್ಟೋ ಕಡೆ ಬೀಳಲಿಲ್ಲ. ಹಳೆಯ ರಸ್ತೆಯನ್ನು ಅಗೆದು, ಮಣ್ಣನ್ನು ಬೇರ್ಪಡಿಸಿ, ದಪ್ಪ ಕಲ್ಲುಗಳನ್ನು ಒಡೆದು, ಮತ್ತೆ ಹಾಸಿದರೆ ಸಾಕಾಗುತ್ತಿತ್ತು. ಕುಳಿತು ಸಣ್ಣ ಸುತ್ತಿಗೆಯಿಂದ ಕಲ್ಲೊಡೆಯುವ ಈ ಕೆಲಸದಲ್ಲಿ ವೃದ್ಧರು, ಮಹಿಳೆಯರಿಗೂ, ದುರದೃಷ್ಟವಶಾತ್ ಮಕ್ಕಳಿಗೂ ಕೂಲಿ ಸಿಕ್ಕಿತು. ಅದು ನೆಪೋಲಿಯನ್ ಯುದ್ಧಗಳು ಮುಗಿದು ನಿರುದ್ಯೋಗ ಹೆಚ್ಚಿದ್ದ ಕಾಲ.

ಬ್ರಿಸ್ಟಲ್‌ನಿಂದ ಸಂಸತ್ತಿಗೆ

1816ರಲ್ಲಿ ಬ್ರಿಸ್ಟಲ್ ಟರ್ನ್‌ಪೈಕ್ ಟ್ರಸ್ಟ್ ಮೆಕಾಡಮನನ್ನು ತನ್ನ ರಸ್ತೆಗಳ ಸರ್ವೇಯರ್ ಆಗಿ ನೇಮಿಸಿತು. ದೇಶದ ಅತಿ ದೊಡ್ಡ ಟ್ರಸ್ಟ್‌ಗಳಲ್ಲಿ ಒಂದಾದ ಅದರ ರಸ್ತೆಗಳೂ ಹಣಕಾಸೂ ಸಮಾನವಾಗಿ ಹದಗೆಟ್ಟಿದ್ದವು. ಆ ವೇಳೆಗೆ ಅವನಿಗೆ ಅರುವತ್ತು ಸಮೀಪಿಸಿತ್ತು. ಬಹುತೇಕರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ಕಾಗದದ ಮೇಲಿದ್ದ ವಿಚಾರಗಳನ್ನು ನೆಲಕ್ಕಿಳಿಸುವ ಅವಕಾಶ ಒದಗಿಬಂತು. ಕೆಲವೇ ವರ್ಷಗಳಲ್ಲಿ ಬ್ರಿಸ್ಟಲ್ ಸುತ್ತಲಿನ ರಸ್ತೆಗಳು ಸುಧಾರಿಸಿದವು, ಟ್ರಸ್ಟ್‌ನ ಲೆಕ್ಕಪತ್ರಗಳೂ ಹಳಿಗೆ ಬಂದವು. ಇತರ ಟ್ರಸ್ಟ್‌ಗಳಿಂದ ಕರೆಗಳು ಬರತೊಡಗಿದವು. ಮೂವರು ಪುತ್ರರೂ ಇದೇ ವೃತ್ತಿಗಿಳಿದರು.

1816 ಹಾಗೂ 1819ರಲ್ಲಿ ಮೆಕಾಡಮ್ ಪ್ರಕಟಿಸಿದ ಎರಡು ಕೃತಿಗಳು ರಸ್ತೆ ತಂತ್ರದಷ್ಟೇ ರಸ್ತೆ ಆಡಳಿತವನ್ನೂ ಕುರಿತವು. 1819ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದಾಗಲೂ ಆತ ಒತ್ತಿ ಹೇಳಿದ್ದು ಆಡಳಿತದ ವಿಷಯವನ್ನೇ. ಚೂರುಚೂರಾದ ಚಿಕ್ಕ ಟ್ರಸ್ಟ್‌ಗಳನ್ನು ಒಗ್ಗೂಡಿಸಬೇಕು. ಬಿಟ್ಟಿ ಚಾಕರಿಯನ್ನು ನಿಲ್ಲಿಸಿ ಕೂಲಿ ಕೊಟ್ಟು ಕೆಲಸ ಮಾಡಿಸಬೇಕು. ಬಲ್ಲವರನ್ನೇ ಮೇಲ್ವಿಚಾರಕರನ್ನಾಗಿ ನೇಮಿಸಿ, ಅವರಿಗೆ ತಕ್ಕ ಸಂಬಳ ಕೊಟ್ಟು, ಅವರನ್ನೇ ಹೊಣೆಯಾಗಿಸಬೇಕು.

ಇನ್ನೊಂದು ನಿಲುವು ಅಂದಿನ ನೀತಿಗೆ ನೇರ ಸವಾಲಾಗಿತ್ತು. ರಸ್ತೆ ಕೆಡದಿರಲೆಂದು ಗಾಡಿಗಳ ಚಕ್ರ ಅಗಲವಾಗಿರಬೇಕು, ಭಾರ ಮಿತಿಯಲ್ಲಿರಬೇಕು ಎಂದು ಸಂಸತ್ತು ಹದಿನೆಂಟನೆಯ ಶತಮಾನದುದ್ದಕ್ಕೂ ಕಾಯಿದೆಯ ಮೇಲೆ ಕಾಯಿದೆ ಮಾಡಿತ್ತು. ಮೆಕಾಡಮ್ ಈ ತರ್ಕವನ್ನು ತಲೆಕೆಳಗು ಮಾಡಿದ. ರಸ್ತೆಗೆ ತಕ್ಕಂತೆ ಸಂಚಾರವನ್ನು ಬಗ್ಗಿಸುವುದಲ್ಲ, ಸಂಚಾರಕ್ಕೆ ತಕ್ಕಂತೆ ರಸ್ತೆಯನ್ನು ಕಟ್ಟಬೇಕು ಎಂಬುದು ಅವನ ವಾದದ ತಿರುಳು.

ವಿರೋಧವೂ ಇರದಿರಲಿಲ್ಲ. ಹಲವು ಟ್ರಸ್ಟ್‌ಗಳ ಹುದ್ದೆಗಳು ಒಂದೇ ಮನೆತನದ ಪಾಲಾಗುತ್ತಿವೆಯೆಂಬ ಟೀಕೆ ಕೇಳಿಬಂತು. ಪ್ರಯೋಗಗಳಿಗೂ ಪ್ರವಾಸಗಳಿಗೂ ಮಾಡಿದ ವೆಚ್ಚವನ್ನು ಮರಳಿ ಪಡೆಯಲು ಆತ ಸಂಸತ್ತಿಗೆ ಮನವಿ ಸಲ್ಲಿಸಬೇಕಾಯಿತು. 1823ರಲ್ಲಿ ಸಮಿತಿಯೊಂದು ಅದನ್ನು ಪರಿಶೀಲಿಸಿತು. ನಂತರ ಪರಿಹಾರ ಮಂಜೂರಾಯಿತು.

ನೀತಿಯ ಬದಲಾವಣೆ ನಿಧಾನವಾಗಿಯಾದರೂ ಬಂತು. 1826ರಲ್ಲಿ ಲಂಡನ್ನಿನ ಉತ್ತರ ಭಾಗದ ಟ್ರಸ್ಟ್‌ಗಳನ್ನು ಒಂದೇ ಆಡಳಿತದಡಿ ತರಲಾಯಿತು. ಅದರ ಉಸ್ತುವಾರಿ ಹೊತ್ತದ್ದು ಮೆಕಾಡಮನ ಮಗ ಜೇಮ್ಸ್. 1835ರ ಹೆದ್ದಾರಿ ಕಾಯಿದೆ ಮೂರು ಶತಮಾನಗಳ ಬಿಟ್ಟಿ ಚಾಕರಿಗೆ ಇತಿಶ್ರೀ ಹಾಡಿತು. ಸುಧಾರಣೆಯ ಫಲ ಪ್ರಯಾಣಿಕರಿಗೂ ದಕ್ಕಿತು. 1784ರಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಹೊರಟ ಮೊದಲ ಅಂಚೆ ಗಾಡಿಗೆ ಸುಮಾರು 16 ಗಂಟೆ ಹಿಡಿದಿತ್ತು. 1830ರ ದಶಕದಲ್ಲಿ ಅದೇ ದಾರಿಗೆ 12 ಗಂಟೆಯಷ್ಟು ಸಾಕಾಯಿತು.

ಮೆಕಾಡಮನ ವಿಧಾನ ಕಡಲನ್ನೂ ದಾಟಿತು. 1823ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಆ ದೇಶದ ಮೊದಲ ಮೆಕಾಡಮ್ ರಸ್ತೆ ಸಿದ್ಧವಾಯಿತು. ಎಲ್ಲವನ್ನೂ ಕಳೆದುಕೊಂಡು ಹೊರಟುಬಂದಿದ್ದ ನಾಡಿಗೆ ಅವನ ಹೆಸರು ನಾಲ್ಕು ದಶಕಗಳ ನಂತರ ಗೌರವದಿಂದಲೇ ಮರಳಿತು. ಇಂಗ್ಲಿಷ್ ಭಾಷೆಯಲ್ಲಿ ಆ ಹೆಸರು ರಸ್ತೆ ಮಾಡುವ ಕ್ರಿಯೆಗೇ ಪದವಾಯಿತು.

1834ರಲ್ಲಿ ಸರ್ ಪದವಿ ಅರಸಿ ಬಂದಾಗ ವೃದ್ಧಾಪ್ಯದ ಕಾರಣ ಮುಂದಿಟ್ಟು ಮೆಕಾಡಮ್ ನಿರಾಕರಿಸಿದ. ಆ ಗೌರವ ಮಗ ಜೇಮ್ಸ್‌ಗೆ ಸಂದಿತು. 1836ರ ನವೆಂಬರ್ 26ರಂದು, ಸ್ಕಾಟ್ಲೆಂಡಿನ ವಾರ್ಷಿಕ ಭೇಟಿ ಮುಗಿಸಿ ಇಂಗ್ಲೆಂಡಿನ ಮನೆಗೆ ಮರಳುವ ಹಾದಿಯಲ್ಲಿ, ಮೊಫಾಟ್ ಎಂಬ ಊರಿನಲ್ಲಿ ಕೊನೆಯುಸಿರೆಳೆದ. ಅಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು. ವಯಸ್ಸು ಎಂಬತ್ತು. ರೈಲುಗಳು ಓಡತೊಡಗಿ ಹೆದ್ದಾರಿಗಳು ಕಳೆಗುಂದಲು ಆರಂಭಿಸಿದ್ದ ಹೊತ್ತು ಅದು.

ಹೆಸರು ಉಳಿಯಿತು, ತತ್ತ್ವ?

ಮೋಟಾರು ಕಾರು ಬಂದ ಮೇಲೆ ರಸ್ತೆಗೆ ಮತ್ತೆ ಮಹತ್ವ ಬಂತು. ವೇಗದ ರಬ್ಬರು ಚಕ್ರಗಳು ಕಲ್ಲಿನ ನಡುವಿನ ಪುಡಿಯನ್ನು ಹೀರಿ ಧೂಳೆಬ್ಬಿಸಿದಾಗ, ಅದನ್ನು ಹಿಡಿದಿಡಲು ಟಾರು ಬೇಕಾಯಿತು. ಇಂಗ್ಲೆಂಡಿನ ಎಡ್ಗರ್ ಹೂಲಿ 1902ರಲ್ಲಿ ಪೇಟೆಂಟ್ ಪಡೆದ ಟಾರ್‌ಮ್ಯಾಕ್‌ನ ಹೆಸರಿನಲ್ಲಿ ಟಾರಿನೊಂದಿಗೆ ಮೆಕಾಡಮನೂ ಬೆರೆತಿದ್ದಾನೆ.

ಭಾರತದಲ್ಲಿ ಜಯಕರ್ ಸಮಿತಿಯ ಶಿಫಾರಸಿನಂತೆ 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುತ್ತ ಬಂದಿದೆ. ಕಾಲಕಾಲಕ್ಕೆ ಅವು ಪರಿಷ್ಕೃತಗೊಂಡಿವೆ. ಜಲ್ಲಿಗೆ ನೀರು, ನುಣ್ಣನೆಯ ಪುಡಿ ಸೇರಿಸಿ ರೋಲರ್ ಓಡಿಸುವ ಪದ್ಧತಿಯ ಜಾಗವನ್ನು ದೊಡ್ಡ ಹೆದ್ದಾರಿಗಳಲ್ಲಿ ಯಂತ್ರದಲ್ಲೇ ಬೆರೆಸಿ ತರುವ ಮಿಶ್ರಣ ಆಕ್ರಮಿಸಿದೆ. ಪದ್ಧತಿಗಳು ಬದಲಾದರೂ ಮೆಕಾಡಮನ ಹೆಸರು ಬದಲಾಗಿಲ್ಲ.

ಆದರೆ ಹೆಸರಿನೊಂದಿಗೆ ತತ್ತ್ವವೂ ಉಳಿದಿದೆಯೇ ಎಂಬುದನ್ನು ಪ್ರತಿ ಮಳೆಗಾಲ ಪರೀಕ್ಷಿಸುತ್ತದೆ. ಚರಂಡಿಯಿಲ್ಲದ ರಸ್ತೆಗೆ ಎಷ್ಟೇ ದಪ್ಪ ಡಾಂಬರು ಹಾಕಿದರೂ ನೀರು ಬುಡಕ್ಕಿಳಿದ ಕೂಡಲೇ ಗುಂಡಿ ಬಾಯ್ದೆರೆಯುತ್ತದೆ. ನೆಲವನ್ನು ಒಣಗಿಡಿ, ಬಲ್ಲವರಿಗೆ ಹೊಣೆ ಕೊಡಿ ಎಂಬ ಎರಡು ಪಾಠಗಳಿಗಾಗಿ ಮೆಕಾಡಮ್ ತನ್ನ ಹಣವನ್ನೂ ಆಯುಷ್ಯದ ಬಹುಭಾಗವನ್ನೂ ತೆತ್ತ. ಎರಡು ಶತಮಾನಗಳ ನಂತರವೂ ಆ ಪಾಠ ಹಳತಾಗಿಲ್ಲ.