ಕಾಣದ ಬೆಳಕನ್ನು ಕಂಡ ವಿಲಿಯಂ ಹರ್ಷೆಲ್

ಯುರೇನಸ್ ಗ್ರಹವನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ವಿಲಿಯಂ ಹರ್ಷೆಲ್ ಎಂದು ಶಾಲೆಯ ಮಕ್ಕಳು ಕೂಡ ಹೇಳಬಲ್ಲರು. ಆದರೆ ಅದಕ್ಕಿಂತ ಕಡಿಮೆಯಲ್ಲದ ಇನ್ನೆರಡು ಕೆಲಸಗಳನ್ನು ಅವರು ಮಾಡಿ ಹೋಗಿದ್ದಾರೆ. ಒಂದು, ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಶೋಧಿಸಿ ಅಲ್ಲಿ ಕಂಡುದನ್ನೆಲ್ಲ ಬರೆದಿಟ್ಟದ್ದು. ಇನ್ನೊಂದು, ಕಣ್ಣಿಗೆ ಕಾಣುವ ಬೆಳಕಿನಾಚೆಗೂ ಸೂರ್ಯನಿಂದ ಕಿರಣಗಳು ಬರುತ್ತವೆಂದು ತೋರಿಸಿಕೊಟ್ಟದ್ದು. ಈ ಎರಡು ಕೆಲಸಗಳು ಒಂದಾಗಲು ಸುಮಾರು ಇನ್ನೂರು ವರ್ಷ ಬೇಕಾಯಿತು. ಆ ವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತೇವೆ.

ಹರ್ಷೆಲ್ 1738ರ ನವೆಂಬರ್ 15ರಂದು ಜರ್ಮನಿಯ ಹಾನೋವರ್ ನಗರದಲ್ಲಿ ಜನಿಸಿದರು. ತಂದೆ ಐಸಾಕ್ ಸೇನೆಯ ವಾದ್ಯವೃಂದದಲ್ಲಿ ಓಬೋ ಎಂಬ, ನಮ್ಮ ಶಹನಾಯಿಯ ಜಾತಿಯ ವಾದ್ಯವನ್ನು ನುಡಿಸುತ್ತಿದ್ದರು. ಸಂಸಾರ ದೊಡ್ಡದು, ವರಮಾನ ಸಣ್ಣದು. ಮಗನೂ ಚಿಕ್ಕಂದಿನಲ್ಲೇ ಅದೇ ವೃಂದ ಸೇರಿದನು. 1757ರಲ್ಲಿ ಫ್ರೆಂಚರು ಹಾನೋವರಿನ ಮೇಲೆ ದಂಡೆತ್ತಿ ಬಂದಾಗ ಆತ ಇಂಗ್ಲೆಂಡಿಗೆ ಹೊರಟುಹೋದನು. ಮೊದಮೊದಲು ಸಂಗೀತದ ಹಾಳೆಗಳನ್ನು ನಕಲು ಮಾಡಿ ಹೊಟ್ಟೆ ಹೊರೆಯಬೇಕಾಯಿತು. 1766ರಲ್ಲಿ ಬಾತ್ ಎಂಬ ಊರಿನ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ನುಡಿಸುವ ಕೆಲಸ ದೊರೆತ ಮೇಲೆ ಬದುಕು ನೆಲೆಗೆ ನಿಂತಿತು.

ಸಂಗೀತಶಾಸ್ತ್ರದ ಓದು ಅವರನ್ನು ಗಣಿತಕ್ಕೆ, ಗಣಿತ ಬೆಳಕಿನ ಶಾಸ್ತ್ರಕ್ಕೆ, ಅದು ಆಕಾಶಕ್ಕೆ ಎಳೆದೊಯ್ದಿತು. ಒಳ್ಳೆಯ ದೂರದರ್ಶಕ ಕೊಳ್ಳುವಷ್ಟು ಹಣವಿರಲಿಲ್ಲ. 1773ರಲ್ಲಿ ತಾವೇ ಕನ್ನಡಿ ತಯಾರಿಸಲು ತೊಡಗಿದರು. ಅಂದಿನ ಕನ್ನಡಿ ಗಾಜಿನದಲ್ಲ, ತಾಮ್ರ ತವರಗಳ ಮಿಶ್ರಲೋಹದ್ದು. ಕುದುರೆ ಲದ್ದಿ ಬೆರೆಸಿದ ಮಣ್ಣಿನಲ್ಲಿ ಅಚ್ಚು ಮಾಡಿ, ಲೋಹವನ್ನು ಕರಗಿಸಿ ಹೊಯ್ದು, ಆಮೇಲೆ ದಿನಗಟ್ಟಲೆ ಉಜ್ಜಿ ಹೊಳಪು ತರಬೇಕು. ಒಮ್ಮೆ ಕಾದ ಲೋಹ ಹೊರಚೆಲ್ಲಿ ನೆಲದ ಹಾಸುಗಲ್ಲುಗಳೇ ಸಿಡಿದು ಹಾರಿದ್ದುಂಟು. ಉಜ್ಜುವ ಕೈ ನಿಲ್ಲಿಸುವಂತಿಲ್ಲವಾದುದರಿಂದ ತಂಗಿ ಕ್ಯಾರೊಲಿನ್ ಅಣ್ಣನ ಬಾಯಿಗೆ ತುತ್ತಿಡುತ್ತಿದ್ದಳು. ತವರಿನಲ್ಲಿ ಅಡುಗೆಮನೆಯ ಚಾಕರಿಗೇ ಮೀಸಲಾಗಿದ್ದ ಈಕೆಯನ್ನು ಅಣ್ಣ 1772ರಲ್ಲಿ ಬಾತ್‌ಗೆ ಕರೆತಂದಿದ್ದರು.

1781ರ ಮಾರ್ಚ್ 13ರ ರಾತ್ರಿ ಮನೆಯ ಹಿತ್ತಲಿನಿಂದ ನೋಡುತ್ತಿದ್ದಾಗ ನಕ್ಷತ್ರದಂತೆ ಚುಕ್ಕೆಯಾಗಿರದೆ ಸಣ್ಣ ಬಿಲ್ಲೆಯಂತೆ ತೋರುವ ಕಾಯವೊಂದು ಕಣ್ಣಿಗೆ ಬಿತ್ತು. ಧೂಮಕೇತುವೆಂದು ಅವರೇ ಮೊದಲು ಭಾವಿಸಿದ್ದರು. ಲೆಕ್ಕಹಾಕಿದಾಗ ಶನಿಯಿಂದಾಚೆಯ ಹೊಸ ಗ್ರಹವೆಂದು ಖಚಿತವಾಯಿತು. ಮರುವರ್ಷ ದೊರೆ ಮೂರನೆಯ ಜಾರ್ಜ್ ವರ್ಷಕ್ಕೆ 200 ಪೌಂಡು ವೇತನ ಕೊಟ್ಟುದರಿಂದ ಸಂಗೀತದ ವೃತ್ತಿಯನ್ನು ಬಿಟ್ಟು ಪೂರ್ತಿಯಾಗಿ ಖಗೋಳಕ್ಕೆ ಮುಡಿಪಾದರು.

ನಾವು ಹೇಳಹೊರಟ ಮುಖ್ಯ ಸಂಗತಿ ಇಲ್ಲಿಂದ ಮುಂದೆ. ನಕ್ಷತ್ರಗಳ ನಡುವೆ ಮಂಜಿನಂತೆ ತೋರುವ ನೀಹಾರಿಕೆಗಳನ್ನು ಫ್ರಾನ್ಸಿನ ಮೆಸ್ಸಿಯೆ ನೂರರಷ್ಟು ಗುರುತಿಸಿದ್ದರು. ಹರ್ಷೆಲ್ 1783ರಲ್ಲಿ 20 ಅಡಿ ಉದ್ದದ ದೂರದರ್ಶಕ ಕಟ್ಟಿಕೊಂಡು ಅವನ್ನು ಕ್ರಮವಾಗಿ ಹುಡುಕತೊಡಗಿದರು. ಕೊಳವೆಯನ್ನು ದಕ್ಷಿಣೋತ್ತರ ರೇಖೆಯಲ್ಲಿ ನಿಲ್ಲಿಸಿ ಮೇಲೆ ಕೆಳಗೆ ಆಡಿಸುತ್ತಿದ್ದರೆ ಭೂಮಿ ತಿರುಗಿದಂತೆ ಆಕಾಶದ ಒಂದೊಂದು ಪಟ್ಟಿ ತಾನಾಗಿ ಎದುರಿಗೆ ಹಾದುಹೋಗುವುದು. ದೀಪ ನೋಡಿದರೆ ಕಣ್ಣು ಕತ್ತಲೆಯ ಹದ ಕಳೆದುಕೊಳ್ಳುತ್ತದೆ. ಆದುದರಿಂದ ಅಣ್ಣ ಮೇಲಿಂದ ಕೂಗಿ ಹೇಳುವುದು, ತಂಗಿ ಕಿಟಕಿಯ ಬಳಿ ಗಡಿಯಾರ ನೋಡಿ ಬರೆದುಕೊಳ್ಳುವುದು ಎಂಬ ಏರ್ಪಾಡು. ಅದು ಮಸಿ ಹೆಪ್ಪುಗಟ್ಟುವ ಚಳಿ. 1783ರ ಡಿಸೆಂಬರ್ 31ರಂದು ಹಿಮದಲ್ಲಿ ಓಡುತ್ತ ಜಾರಿಬಿದ್ದ ಕ್ಯಾರೊಲಿನ್‌ಗೆ ಯಂತ್ರದ ಕೊಕ್ಕೆ ಮೊಣಕಾಲಿನ ಮೇಲೆ ಚುಚ್ಚಿ ಮಾಂಸವೇ ಕಿತ್ತುಬಂದಿತ್ತು. ಆದರೂ ಕೆಲಸ ನಿಲ್ಲಲಿಲ್ಲ. 1786, 1789 ಮತ್ತು 1802ರಲ್ಲಿ ಪ್ರಕಟವಾದ ಮೂರು ಪಟ್ಟಿಗಳಲ್ಲಿ ಒಟ್ಟು 2500 ನೀಹಾರಿಕೆ ಮತ್ತು ತಾರಾಗುಚ್ಛಗಳು ದಾಖಲಾದುವು.

ನಕ್ಷತ್ರಗಳನ್ನು ದಿಕ್ಕು ದಿಕ್ಕಿಗೆ ಎಣಿಸಿ, ನಮ್ಮ ಆಕಾಶಗಂಗೆಯ ಆಕಾರವನ್ನೂ ಅವರು 1785ರಲ್ಲಿ ಚಿತ್ರಿಸಿದರು. ಅದರಲ್ಲಿ ಸೂರ್ಯ ಹೆಚ್ಚುಕಡಿಮೆ ನಡುವೆ ಇದ್ದಾನೆ. ವೃಶ್ಚಿಕ ರಾಶಿಯಲ್ಲಿ ನಕ್ಷತ್ರಗಳೇ ಇಲ್ಲದ ಒಂದು ಕಪ್ಪು ಬಯಲನ್ನು ಕಂಡು ಅದು ನಿಜವಾದ ತೆರಪೆಂದೇ ತಿಳಿದರು. ವಾಸ್ತವದಲ್ಲಿ ಅಲ್ಲಿ ಇರುವುದು ಧೂಳಿನ ಮೋಡ. ನಕ್ಷತ್ರಗಳ ನಡುವಣ ಧೂಳು ಬೆಳಕನ್ನು ತಡೆಯುತ್ತದೆಂಬುದು 1930ರಲ್ಲಷ್ಟೇ ಸಿದ್ಧವಾಯಿತು. ಗದ್ದೆಯ ಮೇಲೆ ಮಂಜು ಕವಿದಾಗ ಎಲ್ಲ ದಿಕ್ಕಿಗೂ ಒಂದೇ ದೂರ ಕಾಣುವುದರಿಂದ ನಾವೇ ನಡುವೆ ಇದ್ದೇವೆಂದು ತೋರುವುದಿಲ್ಲವೇ? ಹರ್ಷೆಲರಿಗೆ ಆದದ್ದೂ ಅದೇ. ಆಕಾಶಗಂಗೆಯ ಕೇಂದ್ರದಿಂದ ಸೂರ್ಯ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ.

ಆಶ್ಚರ್ಯವೆಂದರೆ, ಆ ಧೂಳನ್ನು ದಾಟಿ ನೋಡುವ ಉಪಾಯವೂ ಅವರ ಕೈಗೇ ಸಿಕ್ಕಿತು. ಸೂರ್ಯನನ್ನು ಬಣ್ಣದ ಗಾಜುಗಳ ಮೂಲಕ ನೋಡುವಾಗ ಕೆಲವು ಗಾಜು ಬೆಳಕನ್ನು ತಡೆದರೂ ಶಾಖವನ್ನು ತಡೆಯದೆ ಇದ್ದುದನ್ನು ಅವರು ಗಮನಿಸಿದ್ದರು. ಯಾವ ಬಣ್ಣಕ್ಕೆ ಎಷ್ಟು ಶಾಖ? 1800ರಲ್ಲಿ, 61ರ ವಯಸ್ಸಿನಲ್ಲಿ, ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಒಡೆದು ಮೇಜಿನ ಮೇಲೆ ಬೀಳಿಸಿ, ಬುರುಡೆಗೆ ಮಸಿ ಬಳಿದ ಉಷ್ಣಮಾಪಕವನ್ನು ಒಂದೊಂದು ಬಣ್ಣದಲ್ಲಿಟ್ಟರು. ಹೋಲಿಕೆಗಾಗಿ ಬೇರೆ ಮಾಪಕಗಳನ್ನು ಪಕ್ಕದಲ್ಲಿಟ್ಟರು. ನೇರಳೆಯಲ್ಲಿ ಪಾದರಸ 2 ಡಿಗ್ರಿ ಫ್ಯಾರನ್‌ಹೀಟ್ ಏರಿತು, ಹಸಿರಿನಲ್ಲಿ ಮೂರೂಕಾಲು, ಕೆಂಪಿನಲ್ಲಿ ಏಳರ ಸಮೀಪ. ಮಾಪಕವನ್ನು ಕೆಂಪಿನಿಂದಲೂ ಆಚೆ, ಯಾವ ಬಣ್ಣವೂ ಬೀಳದ ಜಾಗಕ್ಕೆ ಸರಿಸಿದಾಗಲೂ ಪಾದರಸ ಏರಿತು! ಇಂದು ನಾವು ಅವಕೆಂಪು ಕಿರಣಗಳೆನ್ನುವುದು ಇವನ್ನೇ. ಆದರೆ ನಕ್ಷತ್ರಗಳಿಂದ ಬರುವ ಇಂಥ ಕಿರಣಗಳನ್ನು ಹಿಡಿಯುವ ಸಾಧನ ಅವರಲ್ಲಿರಲಿಲ್ಲ.

1822ರ ಆಗಸ್ಟ್ 25ರಂದು ಹರ್ಷೆಲ್ ಸ್ಲೌ ಎಂಬಲ್ಲಿ ತೀರಿಕೊಂಡರು. ಕ್ಯಾರೊಲಿನ್ ಹಾನೋವರಿಗೆ ಮರಳಿ, ಅಣ್ಣನ 2500 ಕಾಯಗಳನ್ನೂ ಹೊಸದಾಗಿ ವಿಂಗಡಿಸಿ ಸೋದರಳಿಯ ಜಾನ್‌ನ ಕೈಗಿತ್ತರು. ತಾವೇ ಎಂಟು ಧೂಮಕೇತುಗಳನ್ನು ಕಂಡಿದ್ದ ಆ ಮಹಿಳೆಗೆ 1828ರಲ್ಲಿ ಖಗೋಳ ಸಂಘದ ಚಿನ್ನದ ಪದಕ ಸಂದಿತು. ಜಾನ್ ದಕ್ಷಿಣ ಆಫ್ರಿಕಕ್ಕೆ ಹೋಗಿ ದಕ್ಷಿಣದ ಆಕಾಶವನ್ನೂ ಸೇರಿಸಿದರು. ಆ ಪಟ್ಟಿಯನ್ನೇ ಬೆಳೆಸಿ ಡ್ರೇಯರ್ 1888ರಲ್ಲಿ ಹೊರತಂದ 7840 ಕಾಯಗಳ ಪಟ್ಟಿಯ ಸಂಖ್ಯೆಗಳು ಇಂದಿಗೂ ಬಳಕೆಯಲ್ಲಿವೆ.

ಅವಕೆಂಪು ಕಿರಣಗಳಲ್ಲಿ ಆಕಾಶ ಶೋಧಿಸುವ ಮೊದಲ ದೊಡ್ಡ ಪ್ರಯತ್ನವನ್ನು ಅಮೆರಿಕದ ನ್ಯೂಗೆಬವರ್ ಮತ್ತು ಲೇಟನ್ ಮಾಡಿದರು. 1969ರ ಅವರ ಪಟ್ಟಿಯಲ್ಲಿ 5612 ಕಾಯಗಳಿದ್ದುವು. ಬಳಿಕ 1997ರಿಂದ 2001ರ ವರೆಗೆ ಟೂಮಾಸ್ ಎಂಬ ಸಮೀಕ್ಷೆ ನಡೆಯಿತು. ಅಮೆರಿಕದ ಅರಿಝೋನಾದಲ್ಲಿ ಒಂದು, ಚಿಲಿಯಲ್ಲಿ ಒಂದು, ಹೀಗೆ 1.3 ಮೀಟರಿನ ಎರಡು ದೂರದರ್ಶಕಗಳು ಹರ್ಷೆಲರಂತೆಯೇ ಪಟ್ಟಿ ಪಟ್ಟಿಯಾಗಿ ಇಡೀ ಆಕಾಶವನ್ನು ಮೂರು ಬಗೆಯ ಅವಕೆಂಪು ತರಂಗಗಳಲ್ಲಿ ಚಿತ್ರಿಸಿದುವು. 2003ರಲ್ಲಿ ಪೂರ್ಣ ಪಟ್ಟಿ ಹೊರಬಂತು: 47 ಕೋಟಿ ಚುಕ್ಕೆಗಳು, 16 ಲಕ್ಷಕ್ಕೂ ಮಿಕ್ಕಿ ಗೆಲಕ್ಸಿ ಮೊದಲಾದ ಹರವಾದ ಕಾಯಗಳು, 40 ಲಕ್ಷಕ್ಕೂ ಮಿಕ್ಕಿ ಚಿತ್ರಗಳು. ಅದೆಲ್ಲವೂ ಯಾರು ಬೇಕಾದರೂ ನೋಡುವಂತೆ ತೆರೆದಿದೆ. ಅವಕೆಂಪು ತರಂಗಗಳು ಉದ್ದವಾದುದರಿಂದ ಧೂಳು ಅವನ್ನು ಅಷ್ಟಾಗಿ ತಡೆಯದು. ಕಪ್ಪು ಮೋಡಗಳ ಹಿಂದಿನ ನಕ್ಷತ್ರಗಳು ಗೋಚರಿಸಿದುವು. ಹರ್ಷೆಲರಿಗೆ ಸಿಗದೆ ಹೋದ ಆಕಾಶಗಂಗೆಯ ಉಬ್ಬಿದ ನಡುಭಾಗ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿತು.

ಹೀಗೆ ಹರ್ಷೆಲರ ನಕ್ಷೆಯ ತಪ್ಪನ್ನು ತಿದ್ದಿದ್ದು ಅವರೇ ಕಂಡ ಬೆಳಕು. ಯುರೇನಸ್ ಸೂರ್ಯನನ್ನು ಒಮ್ಮೆ ಸುತ್ತಲು 84 ವರ್ಷ ಬೇಕು. ಆ ಒಂದು ಸುತ್ತಿನಷ್ಟು ಆಯುಸ್ಸು ಕೂಡ ಅವರಿಗೆ ಪೂರ್ತಿ ದೊರೆಯಲಿಲ್ಲ. ಕಂಡುದನ್ನು ಕಂಡ ಹಾಗೆ, ದಿನ, ಗಳಿಗೆ, ಸ್ಥಾನಸಹಿತ ಬರೆದಿಟ್ಟದ್ದರಿಂದಲೇ ಮುಂದಿನವರಿಗೆ ಅವರ ಕೆಲಸವನ್ನು ಮುಂದುವರಿಸಲು ಸಾಧ್ಯವಾಯಿತು. ವಿಜ್ಞಾನ ಓದುವ ನಮ್ಮ ತರುಣ ತರುಣಿಯರು ಈ ಅಣ್ಣತಂಗಿಯರಿಂದ ಕಲಿಯಬೇಕಾದ ಮೊದಲ ಪಾಠ ಇದೆಂದು ನಾವು ಭಾವಿಸುತ್ತೇವೆ.